ಶೋಧಗಂಗಾದಾಗ ಹುಡುಕಿದ್ರ ಏನೂ ಸಿಗವಲ್ದು, ಏನ್ ಮಾಡ್ಲಿ ಸರ್?

ಪ್ರಶ್ನೆ: ನಾನು ಗದಗ ಕಡೆಯಾಕಿ ಸರ್, ಜಾನಪದದಾಗ ಪಿಎಚ್‌ಡಿ ಮಾಡಾಕತ್ತೀನಿ. ಗೀಗೀ ಪದ ಅಂತ ಮೇಳದವ್ರು ಹಾಡೂ ಜನಪದ ಹಾಡಿನ ಮ್ಯಾಲ ಮೊದಲ ಯಾರ್ಯಾರು ಕೆಲಸ ಮಾಡ್ಯಾರ ಅಂತ ಶೋಧಗಂಗಾದಾಗ ನೋಡಿದ್ರ ಎರಡ್ಮೂರರ ಮ್ಯಾಲ ಬರವಲ್ದು. ಗೈಡ್ "ಇಷ್ಟ ಇರಾಕ ಸಾಧ್ಯನ ಇಲ್ಲ, ಸರಿಯಾಗಿ ಹುಡುಕು" ಅಂತಾರ. ತಪ್ಪು ಎಲ್ಲಿ ಆಗಾಕತ್ತೈತಿ?

ಉತ್ತರ: ಗೈಡ್ ಹೇಳಿದ್ದು ಖರೆ ಇರಬೇಕು, ಆದ್ರ ತಪ್ಪು ಪೂರಾ ನಿಮ್ದಲ್ರಿ. ಶೋಧಗಂಗಾ ಅಂದ್ರ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡಸೂದು, ದೇಶದ ಯುನಿವರ್ಸಿಟಿಗಳ ಥೀಸಿಸ್ ಪಿಡಿಎಫ್ ಮಾಡಿ ಫ್ರೀ ಇಟ್ಟಾರ, ಅಲ್ಲೀತನಕ ಚಲೋನ. ತ್ರಾಸ ಇರೂದು ಅಕ್ಷರದಾಗ. ನಮ್ಮ ಕನ್ನಡ ಥೀಸಿಸ್ ಭಾಳಷ್ಟು ಹಳೇ ನುಡಿ, ಬರಹ ಫಾಂಟ್‌ನ್ಯಾಗ ಟೈಪ್ ಆಗ್ಯಾವು, ಎಲ್ಲಾ ಕಂಪ್ಯೂಟರ್‌ಗೂ ಕನ್ನಡ ಅಂತ ತಿಳಿಯೂ ಯುನಿಕೋಡ್‌ನ್ಯಾಗ ಅಲ್ಲ. ನಮ್ಮ ಕಣ್ಣಿಗೆ ಅಚ್ಚ ಕನ್ನಡ ಕಾಣತೈತಿ, ಕಂಪ್ಯೂಟರ್ ಪಾಲಿಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿದ ಗಿರ್ಮಿಟ್. ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ದಾಗ ಪೇಸ್ಟ್ ಮಾಡಿ ನೋಡ್ರಿ, ತಿಳೀತೈತಿ. ಹಿಂಗಾಗಿ ನೀವು ಗೀಗೀ ಅಂತ ಹೊಡದ್ರ, ಒಳಗ ಆ ಪದ ನೂರು ಸಲ ಇದ್ರೂ ಸರ್ಚ್‌ಗೆ ಅದು ಸಿಗೂದ ಇಲ್ಲ. ಇನ್ನ ಕೆಲವು ಥೀಸಿಸ್ ಹೆಸರನ್ನ ಇಂಗ್ಲಿಷ್ ಅಕ್ಷರದಾಗ ಬರದಿರ್ತಾರ, ಅದಕ್ಕೂ ಒಂದು ನೇಮ ಇಲ್ಲ, ಒಬ್ರು ಜಿ-ಐ ಅಂತ, ಇನ್ನೊಬ್ರು ಜಿ-ಇ-ಇ ಅಂತ, ಎಲ್ಲಾ ಥರಾನೂ ಹೊಡದ ನೋಡಬೇಕು.

ಅದಕ್ಕಿಂತ ನನಗ ನಂಬಿಗಿ ಇರೂದು ಕೈಯಾರೆ ಹುಡುಕೂದ್ರ ಮ್ಯಾಲ. ಯುನಿವರ್ಸಿಟಿ ಆರಿಸ್ರಿ, ಅದರಾಗ ಕನ್ನಡ ವಿಭಾಗ, ಜಾನಪದ ವಿಭಾಗ ತಗದು ಪಟ್ಟಿ ಪೂರಾ ಮ್ಯಾಲಿಂದ ಕೆಳಗ ಓದ್ರಿ, ಒಂದು ಮಧ್ಯಾಹ್ನ ಹೋಗ್ತೈತಿ, ಹೋಗ್ಲಿ ಬಿಡ್ರಿ. ಒಂದು ಥೀಸಿಸ್ ಸಿಕ್ರ ಮೊದಲ ಅದರ ಕೊನೀ ಗ್ರಂಥಸೂಚಿ ತಗೀರಿ, ಅಲ್ಲಿಂದ ಹತ್ತು ಹೊಸಾ ಹೆಸರು ಸಿಗ್ತಾವು. ನಿಮ್ಮ ವಿಷಯಾನ ಬ್ಯಾರೇಯವರು ಈಗ ಮಾಡಾಕತ್ತಾರೇನು ಅನ್ನೂದಕ್ಕ ಶೋಧಗಂಗೋತ್ರಿ ಐತಿ, ಅದರಾಗ ಸಿನಾಪ್ಸಿಸ್, ಅಂದ್ರ ಮಾಡಬೇಕಂತಿರೂ ಸಂಶೋಧನೆಯ ಸಾರಾಂಶ, ಇರ್ತಾವು.

ಆಮ್ಯಾಲ ಬಸ್ ಹತ್ತಬೇಕ್ರಿ, ಅದು ತಪ್ಪಂಗಿಲ್ಲ. ಹಳೇ ಟೈಪ್‌ರೈಟರ್ ಕಾಲದ ಥೀಸಿಸ್ ಎಲ್ಲಾನೂ ನೆಟ್‌ದಾಗ ಬಂದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಬಸವನಾಳ ಗ್ರಂಥಾಲಯ ನೋಡ್ರಿ, ಅಲ್ಲೇ ಕ್ಯಾಂಪಸ್‌ದಾಗ 1939ರಾಗ ಶುರುವಾದ ಕನ್ನಡ ಸಂಶೋಧನ ಸಂಸ್ಥೆನೂ ಐತಿ, ನಿಮ್ಮ ವಿಷಯಕ್ಕ ಶಿಗ್ಗಾವಿ ಹತ್ರ ಗೊಟಗೋಡಿ ಜಾನಪದ ವಿಶ್ವವಿದ್ಯಾಲಯ ಬಿಡಾಕ ಬರಂಗಿಲ್ಲ. ಗೈಡ್ ಕಡಿಂದ ಒಂದು ಪತ್ರ ಬರಿಸ್ಕೊಂಡು ಹೋಗ್ರಿ, ಕೌಂಟರ್‌ದಾಗ ಕುಂತವ್ರಿಗೆ ವಿಷಯ ಹೇಳ್ರಿ, ಕ್ಯಾಟಲಾಗ್‌ದಾಗ ಬರದ ಪುಸ್ತಕ ಅವ್ರ ನೆನಪಿನ್ಯಾಗ ಇರ್ತಾವು.

ಒಂದು ರಾಷ್ಟ್ರ ಒಂದು ಚಂದಾ ಯೋಜನೆ ಬಗ್ಗೆನೂ ಕೇಳಿರಿ. 2025ರ ಜನವರಿಯಿಂದ ಸರ್ಕಾರಿ ಯುನಿವರ್ಸಿಟಿ, ಕಾಲೇಜಿನವ್ರಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್ ಓದಾಕ ಸಿಗ್ತಾವು. ಥಿಯರಿ ಚಾಪ್ಟರ್‌ಗೆ ಉಪಯೋಗ ಆಗ್ತೈತಿ, ಗೀಗೀ ಮೇಳದ ಹಾಡು ಅದರಾಗ ಹುಡುಕಬ್ಯಾಡ್ರಿ. ಮನೀಂದ ಲಾಗಿನ್ ಬೇಕಂದ್ರ ನಿಮ್ಮ ಲೈಬ್ರರಿಯನ್ನರನ್ನ ಕೇಳ್ರಿ.

ಇನ್ನೊಂದು, ನಿಮ್ಮ ಥೀಸಿಸ್ ಮೊದಲನೇ ಪುಟದಿಂದ ಯುನಿಕೋಡ್‌ನ್ಯಾಗ ಟೈಪ್ ಮಾಡಿಸ್ರಿ. ಡಿಟಿಪಿ ಅಂಗಡಿಯಾಂವ ನುಡಿನ ಚಲೋ ಅಂತಾನ, ಕೇಳಬ್ಯಾಡ್ರಿ. ನಾ ಕೇಳಿದ್ದೆ, ನನ್ನ ಥೀಸಿಸ್‌ದಾಗ ನನ್ನ ಹೆಸರು ಹುಡುಕಿದ್ರನೂ ಸಿಗಂಗಿಲ್ಲ ಈಗ.

ಪ್ರಶ್ನೆ: ಧಾರವಾಡ ಸಪ್ತಾಪುರದಾಗ ರೂಮ್ ಮಾಡೀನಿ, ಕೆಎಎಸ್ ಓದಾಕತ್ತೀನಿ. ಪ್ರೈವೇಟ್ ಸ್ಟಡಿ ಲೈಬ್ರರಿಗೆ ತಿಂಗಳಾ ರೊಕ್ಕ ಕೊಡೂದು ಸುಮ್ನ ದಂಡ ಅನಸ್ತೈತಿ, ಹೌದಲ್ಲ?

ಉತ್ತರ: ಕುರ್ಚಿ, ಫ್ಯಾನ್, ಶಾಂತಿಗೆ ಕೊಡೂದಾದ್ರ ದಂಡ ಅಲ್ಲ ತಮ್ಮಾ, ರೂಮ್‌ಮೇಟ್ ಹೆಂಗದಾನ ಅನ್ನೂದ್ರ ಮ್ಯಾಲ ಐತಿ ಅದು. ಪಿಡಿಎಫ್‌ಗೆ ಮಾತ್ರ ರೊಕ್ಕ ಕೊಡಬ್ಯಾಡ. ಎನ್‌ಸಿಇಆರ್‌ಟಿ ಪುಸ್ತಕ ಅವ್ರ ವೆಬ್‌ಸೈಟ್‌ದಾಗ ಫ್ರೀ ಅದಾವು, ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯನೂ ಫ್ರೀ. ಟೆಲಿಗ್ರಾಮ್‌ದಾಗ ಸಾವಿರ ಫೈಲ್ ಇಳಿಸ್ಕೊಂಡು ಒಂದನ್ನೂ ತಗದು ನೋಡದವ್ರನ್ನ ಭಾಳ ಮಂದಿ ನೋಡೀನಿ.

ಪ್ರಶ್ನೆ: ನಾವು ಹಾನಗಲ್ಲ ತಾಲೂಕಿನ ಹಳ್ಳಿಯವ್ರು. ಮಗ ಏಳನೇತ್ತಾ, ಸಂಜೀಕ ಓದತೀನಿ ಅಂತ ಮೊಬೈಲ್ ಇಸ್ಕೊಂಡು ರೀಲ್ಸ್ ನೋಡ್ತಾನ. ಮೊಬೈಲ್ ಕೊಡದಿದ್ರ ಓದೂದ ಇಲ್ಲಂತಾನ.

ಉತ್ತರ: ಅಕ್ಕಾರ, ನಿಮ್ಮ ಗ್ರಾಮ ಪಂಚಾಯ್ತಿ ಲೈಬ್ರರಿಗೆ ಒಮ್ಮೆ ಹೋಗೀರಿ? ಈಗ ಅದಕ್ಕ ಅರಿವು ಕೇಂದ್ರ ಅಂತಾರ. 2020ರ ನವೆಂಬರ್ 14ಕ್ಕ ಓದುವ ಬೆಳಕು ಅಂತ ಕಾರ್ಯಕ್ರಮ ಶುರು ಮಾಡಿ 6ರಿಂದ 18 ವರ್ಷದ ಮಕ್ಕಳಿಗೆ ಮೆಂಬರ್‌ಶಿಪ್ ಫ್ರೀ ಮಾಡ್ಯಾರ. ಬಾಗಲಾ ಯಾವಾಗ ತಗೀತಾರ ಮೇಲ್ವಿಚಾರಕರನ್ನ ಕೇಳ್ಕೊಂಡು, ಹುಡುಗನ್ನ ಕರ್ಕೊಂಡು ನೀವ ಹೋಗ್ರಿ, ಪುಸ್ತಕ ಅವನ ಆರಿಸ್ಲಿ, ಕ್ರಿಕೆಟ್ ಪುಸ್ತಕ ತಗೊಂಡ್ರೂ ಬೈಬ್ಯಾಡ್ರಿ. ಮೊಬೈಲ್ ಪೂರಾ ಕಸ್ಕೊಂಡ್ರ ಜಗಳ ಆಗ್ತೈತಿ. ಪಠ್ಯಪುಸ್ತಕದಾಗ ಕ್ಯೂಆರ್ ಕೋಡ್ ಇರ್ತೈತಲ್ಲ, ದೀಕ್ಷಾ ಆ್ಯಪ್‌ಲೆ ಅದನ್ನ ಸ್ಕ್ಯಾನ್ ಮಾಡಿದ್ರ ಆ ಪಾಠದ್ದ ಬರ್ತೈತಿ. ಸ್ಟೋರಿವೀವರ್ ಅನ್ನೂ ವೆಬ್‌ಸೈಟ್‌ದಾಗ ಕನ್ನಡ ಕಥಿ ಪುಸ್ತಕ ಇಳಿಸಿಟ್ಟು ನೆಟ್ ಬಂದ್ ಮಾಡಿ ಕೊಡ್ರಿ. ಸಣ್ಣ ಹುಡುಗರ ಕಥಿ ಇವು ಅಂತ ಮೊದಲ ಮೂಗ ಮುರೀತಾನ, ತಂಗಿ ಇದ್ರ ಆಕಿಗೆ ಓದಿ ಹೇಳು ಅನ್ರಿ, ಅವಾಗ ಓದ್ತಾನ.