ಬುವ್ವ, ಪಾನಿ, ನಕ್ಕೋ: ಇವನ್ನೂ ಲೆಕ್ಕಕ್ಕೆ ಸೇರಿಸಿ

ಓದುಗರ ಪತ್ರ: ನಮ್ಮದು ಶಿರಸಿ ಕಡೆ. ಯಜಮಾನರಿಗೆ ರಾಯಚೂರಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ಮಗನಿಗೆ 20 ತಿಂಗಳು. ಮನೆಗೆಲಸಕ್ಕೆ ಬರುವಾಕೆ ಗದ್ವಾಲ ಕಡೆಯವರು, ತೆಲುಗು ಮಾತಾಡುತ್ತಾರೆ. ಕೆಳಗಿನ ಮನೆಯ ಅಜ್ಜಿಯದು ಉರ್ದು. ಎದುರಿಗೆ ಹುಡುಗರ ಪಿ.ಜಿ. ಇದೆ. ಮಗ ಬರೀ 11 ಮಾತು ಆಡುತ್ತಾನೆ, ಪಟ್ಟಿ ಬರೆದಿಟ್ಟಿದ್ದೇನೆ. ಅಕ್ಕನ ಮಗಳು ಇದೇ ವಯಸ್ಸಿಗೆ ಪಟಪಟ ಮಾತಾಡುತ್ತಿದ್ದಳು. 'ಮೂರು ಭಾಷೆ ಕಿವಿಗೆ ಬಿದ್ದು ಮಗುವಿಗೆ ಗೊಂದಲ ಆಗಿದೆ' ಅಂತ ಅತ್ತೆ ದಿನಾ ಫೋನಿನಲ್ಲಿ ಹೇಳುತ್ತಾರೆ. ತೆಲುಗು, ಉರ್ದು ನಿಲ್ಲಿಸಲೇ? ಬಿಸಿಲಿಗೆ 11ರಿಂದ ಸಂಜೆ 5ರ ತನಕ ಬಾಗಿಲು ಹಾಕಿಕೊಂಡು ಕೂರುತ್ತೇವೆ. ಮೊಬೈಲ್ ಕೊಡದೆ ಅವನನ್ನು ಹಿಡಿದಿಡಲು ಆಗುತ್ತಿಲ್ಲ. ಅವನನ್ನು ಶಾಲೆಗೆ ಸೇರಿಸುವ ತನಕ ತವರಿನಲ್ಲೇ ಇದ್ದುಬಿಡಲೇ? — ಓದುಗಿ, ರಾಯಚೂರು

ಸಂಪಾದಕರ ಉತ್ತರ:

ಪತ್ರ ನಾಲ್ಕು ಪುಟ ಇತ್ತು. ಜಾಗ ಸಾಲದೆ ಮೇಲೆ ಸಾರ ಮಾತ್ರ ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಪ್ರಶ್ನೆಗೆ ಉತ್ತರ: ಬೇಡ. ಯಾರ ಬಾಯನ್ನೂ ಮುಚ್ಚಿಸಬೇಡಿ.

ಈಗ ನಿಮ್ಮ ನಾಲ್ಕನೇ ಪುಟಕ್ಕೆ ಬರುತ್ತೇನೆ. ಅಲ್ಲಿ ನೀವೇ ಬರೆದಿದ್ದೀರಿ: ಹಸಿವಾದರೆ ತಟ್ಟೆ ಹಿಡಿದು ಬಂದು 'ಬುವ್ವ' ಅನ್ನುತ್ತಾನೆ. ಕೆಳಗಿನ ಅಜ್ಜಿ ಮನೆಯ ಮಣ್ಣಿನ ಗಡಿಗೆ ತೋರಿಸಿ 'ಪಾನಿ' ಅನ್ನುತ್ತಾನೆ. ಸ್ನಾನಕ್ಕೆ ಕರೆದರೆ 'ನಕ್ಕೋ' ಅಂತ ಓಡುತ್ತಾನೆ. ಬೆಕ್ಕು ಕಂಡರೆ 'ರಾ, ರಾ' ಅಂತ ಕರೆಯುತ್ತಾನೆ. ಇಷ್ಟೆಲ್ಲ ಬರೆದು, ಅದರ ಕೆಳಗೇ 11 ಮಾತಿನ ಪಟ್ಟಿ ಕೊಟ್ಟಿದ್ದೀರಿ. ಆ ಪಟ್ಟಿಯಲ್ಲಿ ಈ ನಾಲ್ಕೂ ಇಲ್ಲ! ನೀರಿಗೆ 'ನೀ' ಇದೆ, 'ಪಾನಿ' ಇಲ್ಲ. ಯಾಕೆ? ಅವು ಕನ್ನಡ ಅಲ್ಲ ಅಂತ ತಾನೇ?

ಮಗು ಎಷ್ಟು ಮಾತು ಕಲಿತಿದೆ ಅಂತ ನೋಡುವಾಗ ಎಲ್ಲ ಭಾಷೆಯ ಮಾತನ್ನೂ ಒಟ್ಟಿಗೆ ಎಣಿಸಬೇಕು. ಮಾತಿನ ತಜ್ಞರು ಮಾಡುವುದೂ ಹಾಗೆಯೇ. ನೀರಿಗೆ ಎರಡು ಹೆಸರು ಗೊತ್ತಿದ್ದರೆ ಅದು ಎರಡು ಮಾತು. 'ಬೌ ಬೌ' ಅಂತ ನಾಯಿಯನ್ನೇ ತೋರಿಸಿ ಹೇಳಿದರೆ ಅದೂ ಒಂದು ಮಾತು. ಉಚ್ಚಾರ ಸರಿ ಇರಬೇಕಾಗಿಲ್ಲ. ಪ್ರತಿ ಸಲ ಅದೇ ವಸ್ತುವಿಗೆ ಅದೇ ಸದ್ದು ಬಂದರೆ ಸಾಕು. ಈ ಲೆಕ್ಕದಲ್ಲಿ ನಿಮ್ಮ ಮಗನ ಮಾತು ಆಗಲೇ 15. ಪತ್ರದಲ್ಲಿ ಬರೆಯದೆ ಬಿಟ್ಟವು ಇನ್ನೂ ಇರುತ್ತವೆ.

ಎರಡು ಮೂರು ಭಾಷೆ ಕೇಳುತ್ತಾ ಬೆಳೆದರೆ ಮಾತು ತಡವಾಗುತ್ತದೆ ಅನ್ನುವುದು ಬಹಳ ಹಳೆಯ ನಂಬಿಕೆ. ಅದು ನಿಜ ಅಲ್ಲ ಅಂತ ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಒಂದೊಂದೇ ಭಾಷೆಯನ್ನು ಬೇರೆ ಮಾಡಿ ಎಣಿಸಿದರೆ ಮಾತು ಕಡಿಮೆ ಕಾಣಬಹುದು, ಅಷ್ಟೇ. ಮುಂದೆ ಇವನು 'ಪಾನಿ ಬೇಕು' ಅಂತ ಉರ್ದು, ಕನ್ನಡ ಕೂಡಿಸಿ ಹೇಳಿಯಾನು. ಆಗ ಗಾಬರಿ ಬೇಡ. ಅದು ಎರಡು ಪದ ಜೋಡಿಸಿದ ಮಾತು, ದೊಡ್ಡ ಹೆಜ್ಜೆ.

ಇನ್ನು ಊರಿನ ಮಾತು. ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತು. ಈಗ ಒಂದು ಕಡೆ ತೆಲಂಗಾಣ, ಇನ್ನೊಂದು ಕಡೆ ಆಂಧ್ರ. ಇಲ್ಲಿನ ಸಂತೆಯಲ್ಲಿ ಒಂದು ಕೆ.ಜಿ. ಬದನೆಕಾಯಿ ಕೊಳ್ಳುವಷ್ಟರಲ್ಲಿ ಮೂರು ಭಾಷೆ ಬಂದು ಹೋಗುತ್ತವೆ. ಆಟೋದವರು ನಿಮ್ಮ ಮುಖ ನೋಡಿ ಭಾಷೆ ಬದಲಾಯಿಸುತ್ತಾರೆ. ಈ ಊರಿನ ಮಕ್ಕಳು ತಲೆತಲಾಂತರದಿಂದ ಹೀಗೇ ಬೆಳೆದಿದ್ದಾರೆ. ಅವರು ಯಾರೂ ಮೂಕರಾಗಿಲ್ಲ. ರಾಯಚೂರಿನವರ ಜೊತೆ ವಾದಕ್ಕೆ ಇಳಿದವರನ್ನು ಬೇಕಾದರೆ ಕೇಳಿ ನೋಡಿ!

ಹಾಗಂತ ಎಲ್ಲವನ್ನೂ 'ತಾನಾಗಿ ಬರುತ್ತೆ ಬಿಡಿ' ಅಂತ ತಳ್ಳಿಹಾಕುವವನಲ್ಲ ನಾನು. ಕೆಲವನ್ನು ನೋಡಲೇಬೇಕು. ಹೆಸರು ಕೂಗಿದರೆ ತಿರುಗುತ್ತಾನಾ? ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾನಾ? 'ಚಪ್ಪಲಿ ತಗೊಂಡು ಬಾ' ಅಂದರೆ, ನೀವು ಕೈ ಮಾಡಿ ತೋರಿಸದಿದ್ದರೂ, ತರುತ್ತಾನಾ? ನಿಮ್ಮ ಪತ್ರ ನೋಡಿದರೆ ಗಡಿಗೆ ತೋರಿಸುತ್ತಾನೆ, ಕರೆದರೆ ಓಡಿಹೋಗುವಷ್ಟು ಅರ್ಥ ಮಾಡಿಕೊಳ್ಳುತ್ತಾನೆ. ಒಳ್ಳೆಯದೇ. 2 ವರ್ಷ ತುಂಬಿದ ಮೇಲೂ ಎರಡು ಪದ ಕೂಡಿಸದಿದ್ದರೆ, ಅಥವಾ ಬರುತ್ತಿದ್ದ ಮಾತು ಯಾವಾಗಲಾದರೂ ನಿಂತುಹೋದರೆ ತಡಮಾಡಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದ ಮಗುವನ್ನು 'ಸೋಮಾರಿ', 'ಹಟಮಾರಿ' ಅಂತ ವರ್ಷಗಟ್ಟಲೆ ಬೈಯುವ ಮನೆಗಳಿವೆ. ಅಂಗನವಾಡಿಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಉಚಿತವಾಗಿ ತಪಾಸಣೆ ಮಾಡುತ್ತದೆ. ಆಮೇಲೂ ಅನುಮಾನ ಉಳಿದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆ.

ಅಕ್ಕನ ಮಗಳ ಪಟಪಟ ಮಾತಿನ ವಿಷಯ ಬಿಟ್ಟುಬಿಡಿ. ಯಾವ ಮನೆಯಲ್ಲಿ ನೋಡಿದರೂ ಪಟಪಟ ಮಾತಾಡುವ ಒಂದು ಮಗು ಇರುತ್ತದೆ. ಅದು ಯಾವಾಗಲೂ ಅಕ್ಕನ ಮನೆಯಲ್ಲೇ ಇರುತ್ತದೆ.

ನನಗೆ ಚಿಂತೆ ಆಗಿದ್ದು ಭಾಷೆಯ ಬಗ್ಗೆ ಅಲ್ಲ, ಆ 11ರಿಂದ 5ರ ಬಗ್ಗೆ. ಆರು ಗಂಟೆ ಅಂದರೆ ಸಣ್ಣ ಹೊತ್ತಲ್ಲ. ಅವನು ಎಚ್ಚರವಿರುವ ಹೊತ್ತಿನ ದೊಡ್ಡ ಪಾಲು ಅಲ್ಲೇ ಹೋಗುತ್ತಿದೆ. ಅಷ್ಟು ಹೊತ್ತು ಮನೆಯಲ್ಲಿ ನೀವು, ಅವನು, ಒಂದು ಮೊಬೈಲ್. ನಿಮ್ಮ ಮಗನಿಗೆ ಭಾಷೆ ಜಾಸ್ತಿ ಆಗಿಲ್ಲಮ್ಮ, ಮಾತಾಡಿಸುವ ಜನ ಕಡಿಮೆ ಆಗಿದ್ದಾರೆ. ನಿಮಗೂ ಅಷ್ಟೇ.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಜೊತೆಗಾರರು 2003ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳಿಗೆ 12 ಸಲ ಚೀನೀ ಭಾಷೆ ಕೇಳಿಸಿದರು. ಒಂದು ಗುಂಪಿನ ಜೊತೆ ಚೀನೀ ಮಾತಾಡುವವರು ನೆಲದ ಮೇಲೆ ಕೂತು, ಪುಸ್ತಕ ಓದಿ, ಆಟಿಕೆ ಹಿಡಿದು ಆಡಿದರು. ಇನ್ನೊಂದು ಗುಂಪಿಗೆ ಅದೇ ಜನರ ವಿಡಿಯೋ ತೋರಿಸಿದರು. ಎದುರಿಗೆ ಮನುಷ್ಯರಿದ್ದ ಕೂಸುಗಳು ಆ ಭಾಷೆಯ ಸದ್ದುಗಳನ್ನು ಗುರುತಿಸಲು ಕಲಿತವು. ವಿಡಿಯೋ ನೋಡಿದವು ಏನೂ ಕಲಿಯಲಿಲ್ಲ. ಅದೇ ಮುಖ, ಅದೇ ದನಿ, ಆದರೂ ಕಲಿಯಲಿಲ್ಲ. 'ಕನ್ನಡ ಪದ್ಯದ ವಿಡಿಯೋ ಹಾಕುತ್ತೇನೆ, ಮಾತು ಬರಲಿ ಅಂತ' ಎಂದು ಬರೆದಿದ್ದೀರಲ್ಲ, ಅದಕ್ಕೇ ಇದನ್ನು ಹೇಳಿದೆ. 2 ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಡುಗೆ ಸೀದುಹೋಗುವ ಹೊತ್ತಿಗೆ ಹತ್ತು ನಿಮಿಷ ಕೊಟ್ಟಿರಿ ಅಂತ ನಿಮ್ಮನ್ನು ಕಟಕಟೆಗೆ ಹತ್ತಿಸುವುದಿಲ್ಲ. ಆದರೆ ಮಧ್ಯಾಹ್ನ ಪೂರ್ತಿ ಅದೇ ಆಗಬಾರದು.

ರಾಯಚೂರಿನ ಬೇಸಿಗೆ ಏನು ಅಂತ ನನಗೆ ಗೊತ್ತು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಬಾಗಿಲು ಹಾಕಿಕೊಳ್ಳಲೇಬೇಕು. ಇಲ್ಲಿನ ಹಳಬರು ದಿನವನ್ನೇ ಬೇರೆ ಥರ ಮಡಚುತ್ತಾರೆ. ಬೆಳಿಗ್ಗೆ ಐದೂವರೆಗೆ ಏಳುತ್ತಾರೆ, ಮಧ್ಯಾಹ್ನ ಊಟ ಮಾಡಿ ಉದ್ದಕ್ಕೆ ಮಲಗುತ್ತಾರೆ, ಸಂಜೆ ಮಹಡಿಗೆ ನೀರು ಹೊಡೆದು ರಾತ್ರಿ ಅಲ್ಲೇ ಕೂರುತ್ತಾರೆ. ನೀವು ಇನ್ನೂ ಶಿರಸಿಯ ಗಡಿಯಾರದಲ್ಲೇ ಇದ್ದೀರಿ. 8 ಗಂಟೆಗೆ ಏಳುವ ಮಗುವಿಗೆ ಹೊರಗೆ ಹೋಗಲು ಹೊತ್ತೇ ಉಳಿಯುವುದಿಲ್ಲ. ಈ ವಯಸ್ಸಿಗೆ ಹಗಲು ನಿದ್ದೆ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಬೇಗ ಎಬ್ಬಿಸಿ, ಮಧ್ಯಾಹ್ನ ಎರಡು ಗಂಟೆ ಚೆನ್ನಾಗಿ ಮಲಗಿಸಿ, ರಾತ್ರಿ ಎಂಟಕ್ಕೆ ಮತ್ತೆ ಮಲಗಿಸಿದರೆ ಲೆಕ್ಕ ಸರಿಹೋಗುತ್ತದೆ. ಒಂದು ವಾರ ಅಳುತ್ತಾನೆ, ಆಮೇಲೆ ಹೊಂದಿಕೊಳ್ಳುತ್ತಾನೆ.

ಬೆಳಿಗ್ಗೆ ಆರಕ್ಕೆ ಎಲ್ಲಿಗೆ ಹೋಗುವುದು? 'ಇಲ್ಲಿ ಪಾರ್ಕೇ ಇಲ್ಲ' ಅಂದಿದ್ದೀರಿ. ಅಯ್ಯೋ, ಊರಲ್ಲಿ ಕೋಟೆ ಇದೆ! 1294ರ ಶಾಸನ ಇರುವ ಕಲ್ಲು ಆ ಗೋಡೆಯಲ್ಲಿದೆ, 41 ಅಡಿ ಉದ್ದದ ಒಂದೇ ಚಪ್ಪಡಿ. ಅದನ್ನು ಬಂಡಿಯ ಮೇಲೆ ಹೇರಿ, ಕೋಣಗಳ ಉದ್ದ ಸಾಲು ಕಟ್ಟಿ ಎಳೆದು ತಂದ ಚಿತ್ರವನ್ನೂ ಕೆತ್ತಿದ್ದಾರೆ. ಇತಿಹಾಸ ನಿಮಗಿರಲಿ. ಅವನನ್ನು ಹೆಗಲ ಮೇಲೆ ಕೂರಿಸಿ ಕೋಣ ತೋರಿಸಿ. ಒಂದು ಕೋಣ, ಇನ್ನೊಂದು ಕೋಣ, ಮತ್ತೊಂದು ಕೋಣ. ಇಪ್ಪತ್ತು ತಿಂಗಳ ಮಗುವಿಗೆ ಇದಕ್ಕಿಂತ ಒಳ್ಳೆಯ ಚಿತ್ರಪುಸ್ತಕ ಎಲ್ಲಿದೆ ಹೇಳಿ? ಹತ್ತಿರದಲ್ಲೇ ಆಮ್ ತಲಾಬ್ ಕೆರೆ ಇದೆ. ಅಲ್ಲಿ ಕೈ ಮಾತ್ರ ಬಿಡಬೇಡಿ. ಬೇಜಾರಾದ ದಿನ ರೈಲ್ವೆ ಸ್ಟೇಷನ್. ಬೊಂಬಾಯಿ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ 1871ರಲ್ಲಿ ಬಂದು ಸೇರಿದ್ದು ಈ ರಾಯಚೂರಲ್ಲಿ. ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಾ ನಿಂತರೆ ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ.

ಮಧ್ಯಾಹ್ನಕ್ಕೆ ನನ್ನ ಸಲಹೆ ಒಂದೇ: ಕೆಳಗೆ ಇಳಿಯಿರಿ. ಆ ಅಜ್ಜಿಯ ಮನೆಯೊಳಗೂ ಅದೇ ನೆರಳು, ಅದೇ ಫ್ಯಾನ್. ಮಗು ಎದ್ದ ಮೇಲೆ ನಾಲ್ಕಕ್ಕೆ ಮಜ್ಜಿಗೆ ಚೊಂಬು ಹಿಡಿದು ಹೋಗಿ. ಅವರು ಸೊಪ್ಪು ಸೋಸುತ್ತಿದ್ದರೆ ಅವನೂ ಸೋಸಲಿ. ಪುಂಡಿಪಲ್ಯದ ಎಲೆ ಬಿಡಿಸುವುದು ಆ ಪುಟ್ಟ ಬೆರಳಿಗೆ ಒಳ್ಳೆಯ ಕೆಲಸ. ಅರ್ಧ ಎಲೆ ಬಾಯಿಗೆ ಹೋಗುತ್ತದೆ, ಹುಳಿಗೆ ಮುಖ ಕಿವುಚುತ್ತಾನೆ, ಅದಕ್ಕೊಂದು ಮಾತು ಹುಟ್ಟುತ್ತದೆ. ನಿಮಗೆ ಉರ್ದು ಬರುವುದಿಲ್ಲ ಅನ್ನುವ ಸಂಕೋಚ ಇದ್ದರೆ ಬಿಟ್ಟುಬಿಡಿ, ಆ ಅಜ್ಜಿಗೆ ಕನ್ನಡ ಅರ್ಥ ಆಗದೆ ಇರುತ್ತಾ? ಕೆಲಸದಾಕೆ ಬಂದಾಗ 'ಅವನ ಹತ್ತಿರ ತೆಲುಗು ಬೇಡ' ಅಂತ ಹೇಳಿದಿರಂತೆ. ಅದನ್ನು ವಾಪಸ್ ತಗೊಳ್ಳಿ. ಅರ್ಧ ಗಂಟೆ ಜಾಸ್ತಿ ಕೂತು ಅವನನ್ನು ಆಡಿಸಿ ಅಂತ ಕೇಳಿ. ಆದರೆ ಪುಕ್ಕಟೆ ಕೇಳಬೇಡಿ, ಆ ಅರ್ಧ ಗಂಟೆಗೆ ದುಡ್ಡು ಕೊಡಿ. ಅವರಿಗೂ ಮನೆಯಲ್ಲಿ ಮಕ್ಕಳು ಕಾಯುತ್ತಿರುತ್ತಾರೆ.

ಪಿ.ಜಿ. ಹುಡುಗರ ವಿಷಯದಲ್ಲಿ ಒಂದು ಎಚ್ಚರಿಕೆ. ಮನೆಯ ತಮ್ಮಂದಿರ ನೆನಪಾಗಿ ಅವನನ್ನು ಎತ್ತಿಕೊಂಡು ಆಡಿಸುತ್ತಾರೆ ಅಂದಿರಿ, ಒಳ್ಳೆಯದು. ಕಾಲೇಜಿನ ಊರಲ್ಲಿ ಇರುವ ಲಾಭವೇ ಅದು. ಆದರೆ ಅವರ ಕೈಯಲ್ಲಿ ಯಾವಾಗಲೂ ಒಗ್ಗರಣೆ ಮಂಡಕ್ಕಿ, ಅದರ ತುಂಬಾ ಶೇಂಗಾ. ಇಡೀ ಶೇಂಗಾ, ಇಡೀ ಪುಟಾಣಿ, ದ್ರಾಕ್ಷಿ ಈ ವಯಸ್ಸಿನ ಗಂಟಲಿಗೆ ಅಪಾಯ, ಉಸಿರುನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. 4 ವರ್ಷದ ತನಕ ಬೇಡ. ಶೇಂಗಾ ಕೊಡುವುದಿದ್ದರೆ ಖಾರ ಹಾಕದೆ ಹಿಂಡಿ (ನುಣ್ಣಗೆ ಕುಟ್ಟಿದ ಪುಡಿ) ಮಾಡಿ, ಮೆತ್ತಗೆ ನೆನೆಸಿದ ರೊಟ್ಟಿಗೆ ಕಲಸಿ. ಹುಡುಗರಿಗೆ ಇದನ್ನು ಬಾಯಿಬಿಟ್ಟು ಹೇಳಿ. ಸುಮ್ನೆ ಗುಮ್ಮನೆ ಕೂತು ಆಮೇಲೆ ಬೈಯಬೇಡಿ.

ಬಿಸಿಲಿನ ದಿನ ಸತತ ಆರು ಗಂಟೆ ಹೊತ್ತು ಮೂತ್ರ ಮಾಡಿಲ್ಲ, ಬಾಯಿ ಒಣಗಿದೆ, ಸುಸ್ತಾಗಿ ಬಿದ್ದಿದ್ದಾನೆ ಅಂದರೆ ಮನೆಮದ್ದು ನೋಡುತ್ತಾ ಕೂರದೆ ಡಾಕ್ಟರ ಹತ್ತಿರ ಓಡಿ. ಇನ್ನೊಂದು, 16ರಿಂದ 24 ತಿಂಗಳ ಒಳಗೆ ಹಾಕಿಸುವ ದಡಾರ-ರುಬೆಲ್ಲಾ ಎರಡನೇ ಡೋಸ್, ಡಿ.ಪಿ.ಟಿ. ಬೂಸ್ಟರ್, ಪೋಲಿಯೊ ಬೂಸ್ಟರ್ ಆಗಿವೆಯಾ? ಊರು ಬದಲಾಯಿಸಿದ ಮನೆಗಳಲ್ಲಿ ಇದು ಬಿಟ್ಟುಹೋಗುವುದು ಜಾಸ್ತಿ. ತಾಯಿ ಕಾರ್ಡ್ ತೆಗೆದು ನೋಡಿ.

ಅತ್ತೆಯವರ ಜೊತೆ ವಾದ ಮಾಡಬೇಡಿ, ಗೆಲ್ಲುವುದಿಲ್ಲ. ಹೇಗೂ ದಿನಾ ಫೋನ್ ಮಾಡುತ್ತಾರಲ್ಲ, ವಿಡಿಯೋ ಕರೆ ಮಾಡಲು ಹೇಳಿ. ನೀವು ಪಕ್ಕದಲ್ಲೇ ಕೂತು ಅವರು ಕಣ್ಣಾಮುಚ್ಚಾಲೆ ಆಡಿಸಲಿ, ಅವನ ಹೆಸರು ಹಿಡಿದು ಕರೆಯಲಿ, ಅವನು ತೊದಲಿದ್ದಕ್ಕೆ ಉತ್ತರ ಕೊಡಲಿ. ಇದನ್ನು ಪರದೆಯ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ, ಆ ಕಡೆ ನಿಜವಾದ ಅಜ್ಜಿ ಇದ್ದಾರೆ. ದೂರು ಹೇಳಲು ಅವರಿಗೂ ಪುರುಸೊತ್ತು ಕಡಿಮೆಯಾಗುತ್ತದೆ.

ಕೊನೆಗೆ ಯಜಮಾನರು. ನಾಲ್ಕು ಪುಟದಲ್ಲಿ ಅವರು ಒಂದೇ ಸಲ ಬರುತ್ತಾರೆ, ಅದೂ ಕೆಲಸ ಸಿಕ್ಕಿತು ಅಂತ. ಸಂಜೆ ಆರಕ್ಕೆ ಮನೆಗೆ ಬಂದು ಉತ್ತರ ಪತ್ರಿಕೆ ಹರಡಿಕೊಂಡು ಕೂರುತ್ತಾರೋ ಏನೋ, ಗೊತ್ತಿಲ್ಲ. ಪರೀಕ್ಷೆ ತಿಂಗಳು ಬಿಟ್ಟು ಉಳಿದ ದಿನ ಬೆಳಗಿನ ಕೋಟೆ ಅವರ ಪಾಲಿಗಿರಲಿ, ರಾತ್ರಿಯ ಸ್ನಾನವೂ ಅವರದೇ ಇರಲಿ. ಆ ಹೊತ್ತಿನಲ್ಲಿ ನೀವು ಅಡುಗೆಮನೆಗೆ ಹೋಗಬೇಡಿ. ಮಹಡಿ ಹತ್ತಿ ಗಾಳಿಗೆ ಕೂರಿ, ಇಲ್ಲ ನಿಮ್ಮ ಅಕ್ಕನಿಗೆ ಫೋನ್ ಮಾಡಿ.

ಶಾಲೆಗೆ ಸೇರಿಸುವ ತನಕ ತವರಿನಲ್ಲಿ ಇರುವುದು ನನಗೆ ಒಪ್ಪಿಗೆಯಿಲ್ಲ. ಅಪ್ಪನನ್ನು ಎರಡು ವರ್ಷ ಫೋನಿನಲ್ಲಿ ನೋಡುವಂಥ ಕಷ್ಟ ನಿಮಗೇನೂ ಬಂದಿಲ್ಲ. ಬಿಸಿಲಿಗೆ ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ಏಪ್ರಿಲ್ ಕೊನೆಗೆ ಹೊರಟರೆ ಜೂನ್ ಮೊದಲ ವಾರಕ್ಕೆ ವಾಪಸ್ ಬನ್ನಿ. ಕಾಲೇಜಿಗೆ ರಜೆ ಸಿಕ್ಕರೆ ಹತ್ತು ದಿನ ಯಜಮಾನರೂ ಜೊತೆಗೆ ಬರಲಿ.