ಎದೆಮಟ್ಟದ ಪ್ರತಿಮೆ ಸಾಲದು

ಮಾನ್ಯರೇ,

ತುಮಕೂರಿನಿಂದ ತಾವು ಬರೆದ ಪತ್ರ ತಲುಪಿದೆ. ಅಮಾನಿಕೆರೆ ಉದ್ಯಾನದ ಒಂದು ಮೂಲೆಯಲ್ಲಿ ನಾಟಕ ಕಂಪನಿಯ ಕಲಾವಿದರಾದ ಗುಬ್ಬಿ ವೀರಣ್ಣ, ಬಿ. ಜಯಮ್ಮ ಹಾಗೂ ತಿಪಟೂರಿನ ನರಸಿಂಹರಾಜು ಅವರ ಕಂಚಿನ ಪ್ರತಿಮೆಗಳನ್ನು ಸಾಲಾಗಿ ನಿಲ್ಲಿಸಬೇಕೆಂಬ ತಮ್ಮ ಸಲಹೆಯನ್ನೂ, ಊರುಗಳಲ್ಲಿ ಪ್ರತಿಮೆಗಳು ಸಾಕಷ್ಟಾಗಿವೆ ಎಂದು ಕಳೆದ ಸಂಚಿಕೆಯಲ್ಲಿ ನಾನು ಬರೆದುದರ ಬಗೆಗಿನ ತಮ್ಮ ಆಕ್ಷೇಪವನ್ನೂ ಎರಡು ಸಲ ಓದಿದೆ. ನನ್ನ ಆ ಮಾತು ಅವಸರದ್ದು, ಹಿಂತೆಗೆದುಕೊಳ್ಳುತ್ತೇನೆ. ಆದರೆ ತಾವು ಕಳಿಸಿರುವ ನಕ್ಷೆಯಲ್ಲಿ ಮೂವರೂ ಎದೆಯವರೆಗೆ ಮಾತ್ರ ಇದ್ದಾರೆ. ನನ್ನ ತಕರಾರು ಈಗ ಅಷ್ಟಕ್ಕೇ.

ದಾನಿಗಳಿಗೋ ದಿವಾನರಿಗೋ ಎದೆಮಟ್ಟದ ಪ್ರತಿಮೆ ಒಪ್ಪುತ್ತದೆ. ರಂಗದವರಿಗೆ ಒಪ್ಪುವುದಿಲ್ಲ, ಏಕೆಂದರೆ ಅವರ ಕಸುಬು ಅಂಗಾಲಿನಿಂದಲೇ ಶುರುವಾಗುತ್ತದೆ. ‘ಸದಾರಮೆ’ ನಾಟಕದ ಕಳ್ಳನಾಗಿ ವೀರಣ್ಣನವರು ರಂಗಕ್ಕೆ ಬಂದರೆ ಸಭೆ ನಕ್ಕದ್ದು ಮಾತಿಗೆಷ್ಟೋ ಮೈಗೂ ಅಷ್ಟೇ. ನರಸಿಂಹರಾಜು ಅವರ ಹಲ್ಲೇನೋ ತಮ್ಮ ನಕ್ಷೆಯ ಪ್ರತಿಮೆಯಲ್ಲೂ ಉಳಿದೀತು, ಆ ಸಣಕಲು ಮೈಯ ನಡಿಗೆ ಉಳಿಯದು.

ಇಂಗ್ಲೆಂಡಿನ ಹಾಸ್ಯನಟ ಎರಿಕ್ ಮೋರ್ಕಮ್ ಇಲ್ಲಿ ನೆನಪಾಗುತ್ತಾರೆ. ನಮ್ಮ ವೀರಣ್ಣನವರ ಹಾಗೆಯೇ ಅವರೂ ಊರಿನ ಹೆಸರನ್ನು ತಮ್ಮ ಹೆಸರಿಗೆ ಕಟ್ಟಿಕೊಂಡವರು. ಮೋರ್ಕಮ್ ಎಂಬುದು ಅವರು ಹುಟ್ಟಿದ ಕಡಲತೀರದ ಊರು. 1999ರಲ್ಲಿ ಆ ಊರಿನ ಸಮುದ್ರದಂಡೆಯಲ್ಲಿ ನಿಲ್ಲಿಸಿದ ಪ್ರತಿಮೆಯಲ್ಲಿ ಅವರು ಒಂದು ಕಾಲೆತ್ತಿ ಕುಣಿಯುತ್ತಿದ್ದಾರೆ, ಹಕ್ಕಿ ನೋಡುವ ಹವ್ಯಾಸವಿದ್ದುದರಿಂದ ಕೊರಳಲ್ಲಿ ದುರ್ಬೀನೂ ಇದೆ. ಅದೇ ಸೀಮೆಯ ಬ್ಲ್ಯಾಕ್‌ಪೂಲ್‌ನಲ್ಲಿ 2011ರಲ್ಲಿ ಇನ್ನೊಂದು ದಾರಿ ಹಿಡಿದರು: ಒಬ್ಬರ ಮುಖವನ್ನೂ ಕೆತ್ತದೆ, ಸಾವಿರಕ್ಕೂ ಹೆಚ್ಚು ಹಾಸ್ಯಗಾರರ ಮತ್ತು ಹಾಸ್ಯ ಬರಹಗಾರರ ಮಾತುಗಳನ್ನೇ ನೆಲಹಾಸಿನಲ್ಲಿ ಅಕ್ಷರಗಳಾಗಿ ಕೂರಿಸಿದರು. ಜನ ಅದರ ಮೇಲೆ ನಡೆಯುತ್ತ, ಬಗ್ಗಿ ಓದುತ್ತ, ನಗುತ್ತಾರೆ. ನಮ್ಮಲ್ಲಿ ಅಕ್ಷರ ತುಳಿಯುವುದು ಯಾರಿಗೂ ಹಿಡಿಸದು, ಆದ್ದರಿಂದ ಅಂಥ ಮಾತುಗಳನ್ನು ಕೂರುವ ಕಟ್ಟೆಯ ಬೆನ್ನಿಗೆ ಕೆತ್ತಿಸಬಹುದು.

ಇನ್ನು ಹೆಸರುಗಳ ವಿಚಾರ. 1884ರಲ್ಲಿ ಹುಟ್ಟಿ ಮುಂದೆ ವೀರಣ್ಣನವರ ಕೈಯಲ್ಲಿ ಬೆಳೆದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಈ ಮೂವರಿಂದಲೇ ನಡೆದದ್ದಲ್ಲ. ಅದರಲ್ಲಿ ಡಾ. ರಾಜಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರು ಪಾತ್ರ ಮಾಡಿದ್ದಾರೆ, ಬಿ.ವಿ. ಕಾರಂತರು ಹುಡುಗನಾಗಿ ಸೇರಿಕೊಂಡು ಬೆಳೆದಿದ್ದಾರೆ. 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜಕುಮಾರ್, ನರಸಿಂಹರಾಜು ಹೆಸರಾದದ್ದನ್ನು ಎಲ್ಲರೂ ಹೇಳುತ್ತಾರೆ, ಅವರನ್ನು ಪಳಗಿಸಿದ್ದು ಕಂಪನಿ ನಾಟಕದ ಕ್ಯಾಂಪುಗಳೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಆ ಕ್ಯಾಂಪುಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು, ಪರದೆ ಬರೆಯುವವರು, ಬಣ್ಣ ಹಚ್ಚುವವರು, ಊರೂರಿಗೆ ಪೆಟ್ಟಿಗೆ ಸಾಗಿಸುವವರು ಇಲ್ಲದೆ ಒಂದು ಆಟವೂ ಏಳುತ್ತಿರಲಿಲ್ಲ. ಸ್ಮಾರಕದಲ್ಲಿ ಒಂದು ಕಲ್ಲು ಇವರಿಗೆ ಮೀಸಲಾಗಲಿ. ಜಯಮ್ಮನವರ ಫಲಕದಲ್ಲಿ ‘ವೀರಣ್ಣನವರ ಪತ್ನಿ’ ಎಂದು ತಾವು ಬರೆಸಹೊರಟಿರುವುದನ್ನು ದಯವಿಟ್ಟು ಕೈಬಿಡಿ. ಅವರು ಹಾಡಿ, ಅಭಿನಯಿಸಿ ತಮ್ಮ ಹೆಸರನ್ನು ತಾವೇ ಗಳಿಸಿದ ನಟಿ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಪ್ರತಿಮೆಗಳ ಮುಂದಿನ ಜಾಗ. ತಮ್ಮ ನಕ್ಷೆ ಅಲ್ಲಿ ಹೂವಿನ ಪಾತಿ ತೋರಿಸುತ್ತದೆ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ರೈತರೂ ಮೇಷ್ಟ್ರುಗಳೂ ತಮ್ಮ ಕೈಯಿಂದಲೇ ಹಣ ಹಾಕಿ, ಡ್ರಾಮಾ ಸೀನರಿ ಬಾಡಿಗೆಗೆ ತಂದು, ಬೆಳಗಿನವರೆಗೆ ‘ಕುರುಕ್ಷೇತ್ರ’ ಆಡುತ್ತಾರೆ. ದುರ್ಯೋಧನನ ಪಾತ್ರಕ್ಕೆ ಪೈಪೋಟಿಯೇ ಇರುತ್ತದೆ. ಪಾತಿಯ ಬದಲು ಮೂರಡಿ ಎತ್ತರದ ಕಲ್ಲಿನ ಜಗುಲಿ ಕಟ್ಟಿಸಿ, ಒಂದು ಬದಿಯಲ್ಲಿ ಹಾರ್ಮೋನಿಯಂ ಮತ್ತು ತಬಲಕ್ಕೆ ಜಾಗ ಬಿಟ್ಟು, ವಿದ್ಯುತ್ ಸಂಪರ್ಕ ಕೊಡಿಸಿದರೆ ಅವರು ಅಲ್ಲಿಗೂ ಬಂದು ಆಡಿಯಾರು.

ತಿದ್ದಿದ ನಕ್ಷೆಯನ್ನು ತಾವು ಕಳಿಸಿದರೆ ಪತ್ರದೊಂದಿಗೆ ಅದನ್ನೂ ಪ್ರಕಟಿಸುತ್ತೇವೆ.

– ಸಂಪಾದಕ