ಯಂತ್ರ "ಕೆಟ್ಟುಹೋಗಿದೆ" ಎಂದು ದೂರಿನಲ್ಲಿ ಬರೆಯಬಹುದೇ, "ಯಂತ್ರ ವೈಫಲ್ಯ" ಎನ್ನಬೇಕೇ?

ನಿಂತುಹೋದ ಹಿಟ್ಟಿನ ಗಿರಣಿಯ ಬಗ್ಗೆ ದೂರು ಬರೆಯುವಾಗ ಆಡುಮಾತಿನ "ಕೆಟ್ಟುಹೋಗಿದೆ" ಸಾಕೇ, ಬರವಣಿಗೆಯ "ವೈಫಲ್ಯ"ವೇ ಬೇಕೇ ಎಂದು ಕೇಳಿದ್ದೀರಿ. ಅದನ್ನು ಓದಿದೊಡನೆ ಚಿಂತಾಮಣಿ ತಾಲ್ಲೂಕಿನ ನಮ್ಮ ತೋಟದ ಕೊಳವೆಬಾವಿ ನೆನಪಾಯಿತು. ತಪ್ಪು ಪದವೊಂದನ್ನು ಆಡಿ ನಾನು ಆ ಬಾವಿಯನ್ನೇ ಕಳೆದುಕೊಂಡೆ.

ಟೊಮೆಟೊ ಹೂ ಬಿಟ್ಟಿದ್ದ ಸಮಯ. ರಾತ್ರಿ ಕರೆಂಟ್ ಬಂದಾಗ ಗುಂಡಿ ಒತ್ತಿದರೆ ಸ್ಟಾರ್ಟರ್ (ಮೋಟರಿಗೆ ಕರೆಂಟ್ ಹಾಯಿಸುವ ಪೆಟ್ಟಿಗೆ) ಹಿಡಿದು, ಕೆಲವೇ ಕ್ಷಣಗಳಲ್ಲಿ ಬಿಟ್ಟುಬಿಡುತ್ತಿತ್ತು. ನಾನು ಮೆಕ್ಯಾನಿಕ್‌ಗೆ ಫೋನ್ ಮಾಡಿ, "ಮೋಟರ್ ಸುಟ್ಟುಹೋಗಿದೆ ಅಣ್ಣಾ, ಬೆಳಿಗ್ಗೆಯೇ ಬಂದು ಎತ್ತಿಬಿಡಿ" ಎಂದೆ. ನಮ್ಮ ಕಡೆ ನೀರು ನಿಂತರೆ ಬಾಯಿಗೆ ಮೊದಲು ಬರುವ ಮಾತು ಇದೇ. ಆದರೆ ಆ ಕೆಲಸದವರಿಗೆ "ಸುಟ್ಟುಹೋಗಿದೆ" ಎಂದರೆ ವೈಂಡಿಂಗ್ (ಮೋಟರ್ ಒಳಗಿನ ತಂತಿ ಸುರುಳಿ) ಹೋಗಿದೆ, ಮೋಟರ್ ಬಾವಿಯಿಂದ ಮೇಲೆ ಬರಲೇಬೇಕು ಎಂದೇ ಅರ್ಥ. ಅವರು ನನ್ನ ಮಾತನ್ನು ನಂಬಿ ಮೋಟರ್ ಎತ್ತುವ ಗಾಡಿಯನ್ನೇ ತಂದರು. ಸಾವಿರ ಅಡಿ ಆಳದಿಂದ ಪೈಪುಗಳನ್ನು ಒಂದೊಂದಾಗಿ ಎತ್ತುತ್ತಿದ್ದಾಗ ತುಕ್ಕು ಹಿಡಿದಿದ್ದ ಒಂದು ಜಾಯಿಂಟ್ ಕಳಚಿ, ಪಂಪು, ಮೋಟರ್, ಉಳಿದ ಪೈಪು ಎಲ್ಲವೂ ಕೇಬಲ್ ಸಮೇತ ಒಳಗೆ ಬಿದ್ದವು. ಎರಡು ದಿನ ಕೊಕ್ಕೆ ಬಿಟ್ಟರೂ ಸಿಗಲಿಲ್ಲ.

ನಮ್ಮ ಮೋಟರಿನ ಟಿಸಿಯಿಂದಲೇ (ಟ್ರಾನ್ಸ್‌ಫಾರ್ಮರ್‌ನಿಂದಲೇ) ಕರೆಂಟ್ ಪಡೆಯುವ ಪಕ್ಕದ ತೋಟದ ಮೋಟರೂ ಓಡುತ್ತಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಲೈನ್‌ಮನ್ ಬಂದು ನೋಡಿದರೆ, ಮೋಟರಿಗೆ ಕರೆಂಟ್ ತರುವ ಮೂರು ತಂತಿಗಳಲ್ಲಿ, ಅಂದರೆ ಫೇಸ್‌ಗಳಲ್ಲಿ, ಒಂದರ ಫ್ಯೂಸ್ ಹೋಗಿತ್ತು. ಮೂರರಲ್ಲಿ ಒಂದು ಫೇಸ್ ಇಲ್ಲದಿದ್ದರೆ ಉಳಿದ ಎರಡರಲ್ಲಿ ಕರೆಂಟ್ ಏರಿ ವೈಂಡಿಂಗ್ ಬಿಸಿಯಾಗುತ್ತದೆ. ಅದು ಸುಡದಿರಲೆಂದೇ ಸ್ಟಾರ್ಟರ್ ಬಿಡುತ್ತದೆ. ಅಂದರೆ, ಮೋಟರ್ ಸುಡದಂತೆ ಸ್ಟಾರ್ಟರ್ ಕಾಯುತ್ತಿದ್ದುದನ್ನೇ ನಾನು "ಸುಟ್ಟುಹೋಗಿದೆ" ಎಂದು ವರದಿ ಮಾಡಿದ್ದೆ. ಕಣ್ಣಾರೆ ಕಂಡಿದ್ದು ಸ್ಟಾರ್ಟರ್ ಬಿಡುವುದನ್ನು ಮಾತ್ರ. ಮೋಟರನ್ನು ನಾನು ನೋಡಿರಲಿಲ್ಲ. ಊಹೆಯನ್ನು ಕಂಡ ಸಂಗತಿಯಂತೆ ಹೇಳಿದ್ದೇ ನನ್ನ ತಪ್ಪು. "ಸ್ಟಾರ್ಟರ್ ಹಿಡಿದ ಕೂಡಲೇ ಬಿಡುತ್ತಿದೆ" ಎಂದಷ್ಟೇ ಹೇಳಿದ್ದರೆ ಅವರು ಗಾಡಿಯ ಬದಲು ಟೆಸ್ಟರ್ ಹಿಡಿದು ಬರುತ್ತಿದ್ದರು.

ಆದ್ದರಿಂದ "ಕೆಟ್ಟುಹೋಗಿದೆ" ಆಡುಮಾತು, "ವೈಫಲ್ಯ" ಬರವಣಿಗೆಯ ಮಾತು ಎಂಬ ನಿಮ್ಮ ವಿಂಗಡಣೆಯನ್ನೇ ನಾನು ಒಪ್ಪುವುದಿಲ್ಲ. ಕೆಡು ಎಂಬುದು ಅಚ್ಚಗನ್ನಡದ ಧಾತು. ಪಡು ಎಂಬುದರಿಂದ ಪಾಡು ಬಂದಂತೆ ಕೆಡು ಎಂಬುದರಿಂದ ಕೇಡು ಬಂದಿದೆ. ಹಾಲು ಕೆಡುತ್ತದೆ, ಹೆಸರು ಕೆಡುತ್ತದೆ, ಯಂತ್ರವೂ ಕೆಡುತ್ತದೆ. ಯಾವ ಕಚೇರಿಗೆ ಬರೆಯುವಾಗಲೂ ಅದಕ್ಕೆ ಸಂಕೋಚ ಬೇಡ. "ಕೆಟ್ಟು ನಿಂತಿದೆ" ಎಂದರೆ ಈಗಿನ ಸ್ಥಿತಿ. "ಕೆಟ್ಟುಹೋಗಿದೆ" ಎನ್ನುವಾಗ ಕೈಮೀರಿತೆಂಬ ಧ್ವನಿ ಸೇರುತ್ತದೆ. "ಕೈಕೊಟ್ಟಿದೆ" ಎಂಬುದು, ಮಳೆ ಕೈಕೊಟ್ಟಿತು ಎನ್ನುವಂತೆ, ನಂಬಿ ಕುಳಿತವರ ನೋವನ್ನು ಹೇಳುತ್ತದೆ. ದೂರಿಗೆ ಅದು ಹೊಂದುವುದಿಲ್ಲ. ವಿಫಲ ಎಂಬುದರಿಂದ ಬಂದ ವೈಫಲ್ಯವಂತೂ ಫಲ ಸಿಗಲಿಲ್ಲವೆಂದು ಸೂಚಿಸುತ್ತದೆಯೇ ಹೊರತು ಏನಾಯಿತೆಂದು ತಿಳಿಸುವುದೇ ಇಲ್ಲ.

ನಿಮ್ಮ ಪತ್ರದಲ್ಲಿ ಹೀಗೆ ಬರೆಯಿರಿ: "ಮಂಗಳವಾರ ಬೆಳಿಗ್ಗೆಯಿಂದ ಗಿರಣಿ ಕೆಟ್ಟು ನಿಂತಿದೆ. ಗುಂಡಿ ಒತ್ತಿದರೆ ಮೋಟರ್ ಗುಂಯ್‌ಗುಡುತ್ತದೆ, ತಿರುಗುವುದಿಲ್ಲ, ಸ್ಟಾರ್ಟರ್ ಬಿಡುತ್ತದೆ." ನಿಮ್ಮ ಮೋಟರ್ ಹೇಗೆ ವರ್ತಿಸುತ್ತಿದೆಯೋ ಅದಕ್ಕೆ ತಕ್ಕಂತೆ ಎರಡನೆಯ ವಾಕ್ಯವನ್ನು ಬದಲಿಸಿಕೊಳ್ಳಿ, ಮತ್ತು ಪತ್ರ ಕಳುಹಿಸುವ ಮುನ್ನ ಅದೇ ಟಿಸಿಯ ನೆರೆಯವರಲ್ಲಿ ಮೂರೂ ಫೇಸ್ ಇದೆಯೇ ಎಂದು ವಿಚಾರಿಸಿ.